ಉಡಿಗೆ ಬಿದ್ದ ಹೆಂಟೆ

ನಮ್ಮ ಸರ್ ಕೂತದ್ದನ್ನು ನಾನು ಕಂಡದ್ದು ಎರಡೇ ಸಲ. ಒಂದು ಸಲ ಜಗಳೂರಿನ ಬಸ್ ಸ್ಟ್ಯಾಂಡಿನ ಸಿಮೆಂಟ್ ಕಟ್ಟೆಯ ಮೇಲೆ. ಇನ್ನೊಂದು ಸಲ ಹೊನ್ನಾಳಿಯಲ್ಲಿ, ಅವರನ್ನು ಮಣ್ಣು ಮಾಡಿದ ದಿನ. ಉಳಿದಂತೆ ಅವರು ನೆನಪಿಗೆ ಬಂದಾಗಲೆಲ್ಲ ನಡೆಯುತ್ತಲೇ ಇರುತ್ತಾರೆ. ಕ್ಲಾಸಿನಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಕೈಯಲ್ಲೊಂದು ಸೀಮೆಸುಣ್ಣ, ಅದೂ ಬರೆಯುವುದಕ್ಕಲ್ಲ, ಹೊಸಕುವುದಕ್ಕೆ. ಪಾಠ ಮುಗಿಯುವ ಹೊತ್ತಿಗೆ ಕರಿ ಕೋಟಿನ ಜೇಬು ಬೆಳ್ಳಗಾಗಿರುತ್ತಿತ್ತು. ಆಫೀಸಿನಲ್ಲಿ ಅವರ ಕುರ್ಚಿಯ ಮೇಲೆ ಯಾರಾದರೂ ಕಕ್ಷಿದಾರರು ಕೂತಿರುತ್ತಿದ್ದರು, ಸರ್ ಅವರೆದುರು ಅಡ್ಡಾಡುತ್ತಿದ್ದರು. ಹೊಸಬರು ಬಂದರೆ ಕುರ್ಚಿಯಲ್ಲಿದ್ದವನನ್ನೇ ವಕೀಲರೆಂದು ತಿಳಿದು ಕೈಮುಗಿದುಬಿಡುತ್ತಿದ್ದರು. ಹೋಟೆಲಿನಲ್ಲೂ ಅಷ್ಟೆ. ಮಂಡಕ್ಕಿಯ ತಟ್ಟೆ ಕೈಯಲ್ಲಿ ಹಿಡಿದು, ಮೆಣಸಿನಕಾಯಿ ಕಚ್ಚುತ್ತ, ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡವರು ಅನ್ನುತ್ತಾರಲ್ಲ, ಅಂಥವರು.

ಅವರ ಜೊತೆ ಕೆಲಸ ಮಾಡಿ ನನಗೂ ಆ ರೋಗ ಹತ್ತಿದೆ. ಇದನ್ನು ಬರೆಯುವಾಗಲೂ ಎಷ್ಟು ಸಲ ಎದ್ದು ಅಂಗಳಕ್ಕೆ ಹೋಗಿ ಬಂದೆನೋ.

ಎಪ್ಪತ್ತರ ದಶಕದ ನಡುವಿನ ಮಾತು. ಜಿಲ್ಲಾ ಕೇಂದ್ರದಲ್ಲಿ ಬೆಳಗಿನ ಹೊತ್ತು ನಡೆಯುತ್ತಿದ್ದ ಲಾ ಕಾಲೇಜಿಗೆ ನಾನು ನ್ಯಾಮತಿಯಿಂದ ಹೋಗಿ ಸೇರಿದ್ದೆ. ಕ್ಲಾಸಿನಲ್ಲಿ ಹೆಂಗಸರು ನಾವಿಬ್ಬರೇ. ಸರ್ ಚನ್ನಗಿರಿಯಲ್ಲಿ ವಕೀಲರು. ಮೊದಲ ಬಸ್ಸಿಗೆ ಬಂದು ನಮಗೆ ರೋಮನ್ ಕಾನೂನು ಹೇಳಿಕೊಟ್ಟು, ಕೋರ್ಟು ಶುರುವಾಗುವುದರೊಳಗೆ ಚನ್ನಗಿರಿಗೆ ವಾಪಸ್ಸಾಗುತ್ತಿದ್ದರು. ರೋಮನ್ ಕಾನೂನು ಅಂದರೆ ಹುಡುಗರಿಗೆಲ್ಲ ತಾತ್ಸಾರ. ಸತ್ತು ಮಣ್ಣಾದ ರಾಜ್ಯದ ಆಸ್ತಿ ಯಾರದಾದರೆ ನಮಗೇನು ಎಂದು ಒಬ್ಬ ಕೇಳಿಯೂ ಕೇಳಿದ್ದ.

"ಸರ್, ಚನ್ನಗಿರಿ ಕೋರ್ಟಿಗೆ ಯಾವ ರೋಮಿನೋನು ಬರ್ತಾನೆ?"

ಸರ್ ಕಿಟಕಿಯ ಹತ್ತಿರ ಹೋಗಿದ್ದವರು ಅಲ್ಲಿಂದಲೇ ಹೇಳಿದರು. "ನಿಮ್ಮಪ್ಪ ಎತ್ತು ಮಾರಾಕೆ ಸಂತೆಗೆ ಹೋಗ್ತಾನಲ್ಲ, ಅವನೇ ರೋಮಿನೋನು. ಬರೋ ವಾರ ತೋರಿಸ್ತೀನಿ."

ಹೇಳಿದ ಹಾಗೆ ಮಾಡುವ ಮನುಷ್ಯ. ಮುಂದಿನ ವಾರ ನಮ್ಮನ್ನೆಲ್ಲ ಸಂತೇಬೆನ್ನೂರಿನ ಸಂತೆಗೆ ಎಳೆದುಕೊಂಡು ಹೋದರು. ಅಲ್ಲಿ ಒಂದು ಜೋಡಿ ಎತ್ತಿನ ವ್ಯಾಪಾರ ನಡೆದಿತ್ತು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಕುದುರಿಸಿದರು. ಕೊಳ್ಳುವವನು ಎತ್ತಿನ ಬೆನ್ನು ತಟ್ಟಿ, ಸುತ್ತ ನಿಂತವರಿಗೆ ಕೇಳುವಂತೆ "ಇನ್ನು ಇವು ನಂವು" ಎಂದ. ಮಾರಿದವನು ತುಟಿ ಪಿಟಕ್ಕೆನ್ನಲಿಲ್ಲ. ತನ್ನ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಕೊಂಡವನು ತಾನು ತಂದಿದ್ದ ಹೊಸ ಹಗ್ಗ ಕಟ್ಟಿದ. ಎತ್ತು ಹೋದರೂ ಹಗ್ಗ ಕೊಡುವುದಿಲ್ಲ, ಹಗ್ಗದ ಜೊತೆ ಕೊಟ್ಟಿಗೆಯ ಲಕ್ಷ್ಮಿಯೂ ಹೋಗುತ್ತಾಳೆ ಅನ್ನುವುದು ನಮ್ಮ ಕಡೆಯ ನಂಬಿಕೆ.

"ನೋಡಿದ್ರಾ?" ಸರ್ ಸಗಣಿ ತುಳಿದುಕೊಂಡೇ ನಮ್ಮ ಸುತ್ತ ಸುತ್ತುತ್ತಿದ್ದರು. "ರೋಮಿನಾಗೂ ಹಿಂಗೇ. ಹೊಲ, ಆಳು, ಹೂಡೋ ಎತ್ತು, ಇಂಥ ದೊಡ್ಡ ವಸ್ತು ಕೈ ಬದಲಾಗ್ಬೇಕಾದ್ರೆ ಐದು ಜನ ಸಾಕ್ಷಿ ನಿಲ್ಬೇಕು. ಒಬ್ಬ ತಕ್ಕಡಿ ಹಿಡೀಬೇಕು. ಕೊಳ್ಳೋನು ವಸ್ತು ಮುಟ್ಟಿ, ಇದು ನಂದು ಅಂತ ಹೇಳಿ, ಕಂಚಿನ ಚೂರಿನಿಂದ ತಕ್ಕಡಿ ಬಾರಿಸ್ಬೇಕು. ಕೊಡೋನು ಸುಮ್ಮನಿರ್ಬೇಕು. ಮಾತು ತಗೊಳ್ಳೋನ್ದು. ಗೊತ್ತಾತಾ? ಬಾಯಿ ಬಿಟ್ಟು ನಂದು ಅನ್ನದೋನಿಗೆ ಏನೂ ದಕ್ಕಂಗಿಲ್ಲ."

ಆಮೇಲೆ ಕ್ಲಾಸಿನಲ್ಲೂ ಅದನ್ನು ಆಡಿಸಿದರು. ಶೇಂಗಾ ಮಂಡಿಯಿಂದ ಒಂದು ತಕ್ಕಡಿ ಕೇಳಿ ತಂದರು. ಮಾರಾಟಕ್ಕೆ ಎತ್ತು ಎಲ್ಲಿಂದ ಬರಬೇಕು? ತ್ಯಾವಣಿಗೆಯ ಕಡೆಯಿಂದ ಬರುತ್ತಿದ್ದ ಒಬ್ಬ ಸಹಪಾಠಿಯ ಸೈಕಲ್ಲನ್ನೇ ಒಳಗೆ ತರಿಸಿದರು. "ಹೊರೆ ಹೊರ್ತದೆ, ಎತ್ತಿನ ಜಾತಿಗೆ ಸೇರಿಸಾಣ" ಎಂದರು. ನಾವು ಐದು ಜನ ಸಾಕ್ಷಿ ನಿಂತೆವು. ಇನ್ನೊಬ್ಬ ಸೈಕಲ್ಲಿನ ಹ್ಯಾಂಡಲ್ ಮುಟ್ಟಿ "ಇದು ನಂದು" ಎಂದು ತಕ್ಕಡಿಗೆ ಬಿಲ್ಲೆ ತಾಗಿಸಿದ. ಎಲ್ಲ ಮುಗಿದ ಮೇಲೆ ಸೈಕಲ್ಲಿನವನ ಮುಖ ಸಪ್ಪಗಾಯಿತು. "ಸರ್, ವಾಪಸ್ ಕೊಡ್ತಾನಲ್ಲ? ನಮ್ಮಪ್ಪಂದು ಅದು" ಎಂದ. ಸರ್ ನಗಲೂ ಇಲ್ಲ. ಸೈಕಲ್ಲು ಅಪ್ಪನದಾದರೆ ನಿನಗೆ ಮಾರುವ ಹಕ್ಕೇ ಇರಲಿಲ್ಲ, ಆದ್ದರಿಂದ ಈ ಮಾರಾಟ ಬಿದ್ದುಹೋಯಿತು ಎಂದು ತೀರ್ಪು ಕೊಟ್ಟು ಬಸ್ಸಿಗೆ ಓಡಿದರು. ಅವತ್ತಿನ ಪಾಠ ನಾವ್ಯಾರೂ ಮರೆತಿಲ್ಲ.

ಇಷ್ಟೆಲ್ಲ ಸ್ವತ್ತಿನ ವಿಚಾರ ಹೇಳುವ ಮನುಷ್ಯನಿಗೆ ಸ್ವಂತದ್ದು ಅಂತ ಒಂದು ಗೋಡೆಯೂ ಇರಲಿಲ್ಲ. ಬಾಡಿಗೆ ಮನೆ. ಅದೂ ಒಂದೇ ಮನೆಯೇ? ನಾನು ಕಂಡಂತೆ ಮೊದಲು ಚನ್ನಗಿರಿ, ಆಮೇಲೆ ಹೊನ್ನಾಳಿ, ಅಲ್ಲಿಂದ ನಮ್ಮ ನ್ಯಾಮತಿ, ಆಮೇಲೆ ಜಗಳೂರು, ಕೊನೆಗೆ ಮತ್ತೆ ಹೊನ್ನಾಳಿ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಬಾರ್ ಅಸೋಸಿಯೇಷನ್ನಿನಲ್ಲಿ ಹಿರಿಯರು ಆಡಿಕೊಳ್ಳುತ್ತಿದ್ದರು.

ಚನ್ನಗಿರಿಯ ಮನೆ ಬಿಟ್ಟ ಕಥೆ ಕೇಳಿದರೆ ಇವತ್ತಿಗೂ ನಗು ಬರುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಸರ್ ನಮ್ಮನ್ನು ಮನೆಗೇ ಕರೆಸಿಕೊಂಡು ಜಗಲಿಯ ಮೇಲೆ ಪಾಠ ಹೇಳುತ್ತಿದ್ದರು. ಒಂದು ಭಾನುವಾರ ಅನುಭೋಗದ ಪಾಠ. ಪ್ರಾಮಾಣಿಕವಾಗಿ ಕೈಗೆ ಬಂದ ನೆಲವನ್ನು ಎರಡು ವರ್ಷ ಬಿಡದೆ ಅನುಭವಿಸಿದರೆ, ಮೂಲದಲ್ಲಿ ಏನಾದರೂ ಕೊರತೆಯಿದ್ದರೂ ರೋಮಿನಲ್ಲಿ ಅದು ನಿನ್ನದೇ ಆಗುತ್ತಿತ್ತು ಎಂದು ಅವರು ಅಡ್ಡಾಡುತ್ತ, ತಮ್ಮ ಕೋರ್ಟಿನ ಗಂಟಲಿನಲ್ಲಿ ಹೇಳುತ್ತಿದ್ದರು. ಮನೆಯ ಮಾಲೀಕರು ಪಕ್ಕದ ಮನೆಯಲ್ಲೇ ಇದ್ದವರು, ಅಡಿಕೆ ವ್ಯಾಪಾರಸ್ಥರು. ಸಂಜೆಯೇ ಬಂದು ಬಾಗಿಲಲ್ಲಿ ನಿಂತರು.

"ವಕೀಲ್ರೇ, ತಾವು ಮನಿ ಖಾಲಿ ಮಾಡ್ಬೇಕು."

"ಯಾಕ್ರಿ, ಏನಾತು?"

"ಏನಿಲ್ಲ, ಬರೋ ತಿಂಗಳಿಗೆ ಎರಡು ವರ್ಷ ತುಂಬ್ತದೆ."

ಸರ್ ತಲೆ ಚಚ್ಚಿಕೊಂಡರು. ಬಾಡಿಗೆ ಕೊಟ್ಟು ಇರುವವನು ಮಾಲೀಕನ ಹೆಸರಿನಲ್ಲಿ ಇರುವವನು, ಅವನಿಗೆ ಅದು ಲಾಗೂ ಆಗುವುದೇ ಇಲ್ಲ, ಅದೂ ಅಲ್ಲದೆ ಇದು ಚನ್ನಗಿರಿ, ರೋಮಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದರು. ಮಾಲೀಕರು ತಾಳ್ಮೆಯಿಂದ ಎಲ್ಲ ಕೇಳಿ, "ಲಾಗೂ ಆಗಲ್ಲ ಅಂತ ಇವತ್ತು ಹೇಳ್ತೀರಿ" ಎಂದರು. ಮುಂದಿನ ವಾರವೇ ಸರ್ ಗಾಡಿಗೆ ಸಾಮಾನು ಹೇರಿಸಿದರು. ಜಗಳ ಆಡಿ ಉಳಿಯಬಹುದಿತ್ತು. ಆದರೆ ನನಗೆ ಅನ್ನಿಸುತ್ತದೆ, ಹೊರಡುವುದಕ್ಕೆ ಒಂದು ನೆಪ ಸಿಕ್ಕರೆ ಅವರಿಗೆ ಒಳಗೊಳಗೇ ಖುಷಿ.

ಖುಷಿ ಇಲ್ಲದಿದ್ದವರು ಅಕ್ಕ. ಸರ್ ಮನೆಯವರನ್ನು ನಾವೆಲ್ಲ ಹಾಗೆ ಕರೆಯುತ್ತಿದ್ದೆವು. ಮಕ್ಕಳಿರಲಿಲ್ಲ. ಭೂಮಿ ತೂಕದ ಹೆಂಗಸು ಎನ್ನುತ್ತಾರಲ್ಲ, ಹಾಗಿದ್ದರು. ಗಂಡ ಮನೆ ತುಂಬ ಓಡಾಡುತ್ತಿದ್ದರೆ ಅವರು ನಡುಮನೆಯಲ್ಲಿ ಕಂಬದ ಹಾಗೆ ಕೂತು ಅಕ್ಕಿ ಆರಿಸುತ್ತಿದ್ದರು. ವರ್ಷಕ್ಕೊಮ್ಮೆ ಜಗಳೂರಿನ ತವರಿಗೆ ಹೋಗಿ ಮೂರು ರಾತ್ರಿ ಇದ್ದು ಬರುತ್ತಿದ್ದರು. ಅದನ್ನೂ ಸರ್ ಬಿಡಲಿಲ್ಲ. ಹೆಂಡತಿ ವರ್ಷದಲ್ಲಿ ಮೂರು ರಾತ್ರಿ ಹೊರಗಿದ್ದರೆ ರೋಮಿನ ಗಂಡನಿಗೆ ಅವಳ ಮೇಲೆ ಅಧಿಕಾರ ಹುಟ್ಟುತ್ತಿರಲಿಲ್ಲ ಎಂದು ಪಾಠ ಮಾಡುತ್ತ, "ನಮ್ಮನೆಯಾಗೂ ಹಂಗೇ, ನನಗಿನ್ನೂ ಅಧಿಕಾರ ಹುಟ್ಟಿಲ್ಲ" ಎನ್ನುತ್ತಿದ್ದರು. ಅಕ್ಕ ಒಳಗಿನಿಂದ, "ಹುಟ್ಟಂಗೂ ಇಲ್ಲ" ಎಂದದ್ದು ಜಗಲಿಗೆ ಕೇಳಿಸುತ್ತಿತ್ತು.

ಓದು ಮುಗಿಸಿ, ಸನ್ನದು ಪಡೆದು, ನಾನು ಹೊನ್ನಾಳಿಯಲ್ಲಿ ಅವರ ಆಫೀಸನ್ನೇ ಸೇರಿದೆ. ಹೆಣ್ಣು ವಕೀಲಳಿಗೆ ಯಾರು ಕೇಸು ಕೊಡುತ್ತಾರೆ ಎಂದು ನಮ್ಮ ಮನೆಯಲ್ಲೇ ಅನುಮಾನ. ಸರ್ ಮೊದಲ ದಿನವೇ ಒಂದು ಗಡಿ ವ್ಯಾಜ್ಯದ ಫೈಲು ಕೈಗಿತ್ತು, "ಓದಾಕೆ ಹೋಗ್ಬ್ಯಾಡಮ್ಮ, ಮೊದ್ಲು ಹೊಲಕ್ಕೆ ಹೋಗಿ ನಿಂತ್ಕಂಡು ಬಾ" ಎಂದರು. ನಾನು ಹೋಗಿ ನಿಂತು ಬಂದೆ. ಅದೇ ಅವರ ಕೆಲಸದ ರೀತಿ. ಕಾಗದ ಕೊನೆಗೆ, ನೆಲ ಮೊದಲು. ರೋಮಿನಲ್ಲಿ ಹೊಲದ ಜಗಳ ಬಂದರೆ ಆ ಹೊಲದಿಂದ ಒಂದು ಹೆಂಟೆ ಮಣ್ಣು ತಂದು ನ್ಯಾಯಾಧೀಶನ ಮುಂದಿಟ್ಟು, ಅದನ್ನೇ ಹೊಲವೆಂದು ತಿಳಿದು ವಾದ ಮಾಡುತ್ತಿದ್ದರಂತೆ. ಇದನ್ನು ಹೇಳುವಾಗ ಅವರ ದನಿ ಯಾಕೋ ತಗ್ಗುತ್ತಿತ್ತು. ಯಾಕೆಂದು ನನಗೆ ತಿಳಿದದ್ದು ಅವರು ನ್ಯಾಮತಿಗೆ ಮನೆ ಬದಲಾಯಿಸಿದಾಗ.

ಸಾಮಾನು ಜೋಡಿಸಲು ನಾನೂ ಹೋಗಿದ್ದೆ. ದೇವರ ಗೂಡಿಗೆಂದು ಅಕ್ಕ ಒಂದು ಹಳದಿ ಬಟ್ಟೆಯ ಗಂಟನ್ನು ಎಲ್ಲಕ್ಕಿಂತ ಮೊದಲು ಇಳಿಸಿಕೊಂಡರು. ಬಿಚ್ಚಿದರೆ ಮುಷ್ಟಿಗಾತ್ರದ ಕೆಂಪು ಹೆಂಟೆ.

"ಇದೇನಕ್ಕ?"

"ನನ್ನ ಮನಿ" ಎಂದರು ಅಕ್ಕ.

ಮದುವೆಯ ಮರುದಿನ ಅಕ್ಕನಿಗೆ ಉಡಿ ತುಂಬಿದಾಗ ನಡೆದದ್ದು ಅದು. ಉಡಿಗೆ ಅಕ್ಕಿ, ಕೊಬ್ಬರಿ, ಅಡಿಕೆ, ಎರಡಾಣೆ ಬಿಲ್ಲೆ ಬಿದ್ದವು. ಆಮೇಲೆ ಅಪ್ಪ ಮಗಳನ್ನು ಕರೆದುಕೊಂಡು ಊರ ಅಂಚಿನಲ್ಲಿದ್ದ ತಮ್ಮ ಖಾಲಿ ಜಾಗಕ್ಕೆ ಹೋದರು. ಆಗ ಅಲ್ಲಿ ಜಾಲಿ ಬಿಟ್ಟರೆ ಏನೂ ಇರಲಿಲ್ಲ, ನೂರು ರೂಪಾಯಿಯೂ ಬಾಳುವ ನೆಲವಲ್ಲ. ಊರ ಐದು ಜನ ಹಿರಿಯರನ್ನು ನಿಲ್ಲಿಸಿಕೊಂಡು, ನಾಲ್ಕೂ ಮೂಲೆ ತುಳಿಸಿ, ಒಂದು ಹೆಂಟೆ ಎತ್ತಿ ಮಗಳ ಉಡಿಗೆ ಹಾಕಿದರು. "ಬರಿಗೈಲಿ ಮಣ್ಣು ತಗೋಬಾರ್ದವ್ವ, ಏನಾರ ಕೊಡು" ಎಂದರು. ಮಗಳು ಉಡಿಯಲ್ಲಿದ್ದ ಎರಡಾಣೆಯನ್ನೇ ತೆಗೆದು ಅಪ್ಪನ ಕೈಗಿಟ್ಟಳು. ಅಷ್ಟೇ. ಕಾಗದವಿಲ್ಲ, ರಿಜಿಸ್ಟ್ರಿ ಇಲ್ಲ. ಸರ್ ಅಲ್ಲೇ ನಿಂತಿದ್ದರು, ಆಗಷ್ಟೇ ವಕೀಲಿ ಶುರು ಮಾಡಿದ ಹೊಸ ಅಳಿಯ. ಉಡಿಗೆ ಹಾಕಿದ ಮಣ್ಣಿಗೆ ಕಾಗದ ಕೇಳುವ ಅಳಿಯ ಎಲ್ಲಿಯಾದರೂ ಉಂಟೇ? ಅವರೂ ಕೇಳಲಿಲ್ಲ. ಊರವರಿಗೆಲ್ಲ ಮೊದಲು ರಿಜಿಸ್ಟ್ರಿ ಮಾಡಿಸಿ ಎಂದು ಗದರುವ ಮನುಷ್ಯ, ತನ್ನ ಮನೆಯ ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡರು.

ಮುಂದೆ ಅಪ್ಪ ತೀರಿಕೊಂಡಾಗ ಅಕ್ಕ ಇನ್ನೂ ಒಂದು ಕೆಲಸ ಮಾಡಿದ್ದರು. ತಮ್ಮನೊಬ್ಬನಿದ್ದ. ಅವನು ಉಳಿದ ಆಸ್ತಿಗೆ ಅಕ್ಕನ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ರುಜು ಕೇಳಿದ. "ನನಗೆ ಬರೋದು ಆಗಲೇ ಬಂದೈತೆ" ಎಂದು ಅಕ್ಕ ಓದದೆಯೇ ಹಾಕಿಕೊಟ್ಟರು. ಆ ಪತ್ರದಲ್ಲಿ ಅಪ್ಪನ ಹೆಸರಿನಲ್ಲಿದ್ದ ಎಲ್ಲದರ ಜೊತೆ ಊರಂಚಿನ ಆ ಜಾಗವೂ ಸೇರಿತ್ತು.

ನ್ಯಾಮತಿಯಲ್ಲಿ ಅಕ್ಕ ಮೊದಲ ಸಲ ಹಟ ಹಿಡಿದರು. ಇನ್ನು ಯಾರ ಗೋಡೆಗೂ ಮೊಳೆ ಹೊಡೆಯಲು ಅಪ್ಪಣೆ ಕೇಳುವುದಿಲ್ಲ, ನನ್ನ ಜಾಗದಲ್ಲಿ ಎರಡು ಅಂಕಣದ ಮನೆಯಾದರೂ ಸಾಕು ಎಂದರು. ಸರ್ ಗಾಡಿ ಗೊತ್ತುಮಾಡಿದರು. ಜಗಳೂರಿಗೆ ಹೋಗಿ ಒಂದು ಬಾಡಿಗೆ ಮನೆ ಹಿಡಿದು, ಇಟ್ಟಿಗೆ ಹೊಡೆಸುವ ಮಾತಾಡಲು ತಮ್ಮನ ಮನೆಗೆ ಹೋದರು. ಅಷ್ಟರಲ್ಲಿ ಆ ಜಾಗದ ಪಕ್ಕ ರಸ್ತೆ ಬಂದಿತ್ತು. ತಮ್ಮ ಅಲ್ಲಿ ಕುರಿ ಹಟ್ಟಿ ಹಾಕಿ, ಮುಂದಿನ ಭಾಗದಲ್ಲಿ ಮಗನಿಗೆ ಅಂಗಡಿ ಮಾಡಿಕೊಡುವ ಯೋಚನೆಯಲ್ಲಿದ್ದ. ಕೆಟ್ಟವನೇನಲ್ಲ. ಅಕ್ಕನಿಗೂ ಭಾವನಿಗೂ ಹೋಳಿಗೆ ಬಡಿಸಿಯೇ ಮಾತಾಡಿದ.

"ಜಾಗ ನಂದಲ್ಲೇನಕ್ಕ? ನಿನ್ನ ರುಜೂನೇ ಐತಲ್ಲ."

"ನನ್ನ ಉಡಿಗೆ ಹಾಕಿದ್ದು ಮರ್ತೆಯಾ?"

"ಹಾಕಿದ್ದು ಹೌದು. ಅದು ಶಾಸ್ತ್ರ. ಎಲ್ಲಾ ಹೆಣ್ಮಕ್ಕಳಿಗೂ ಹಾಕ್ತಾರೆ. ಎಲ್ಲಾರಿಗೂ ಜಾಗ ಕೊಡಾಕೆ ಆಗ್ತತಾ?"

ಹೀಗೆ ದಾವೆ ಹೂಡಬೇಕಾಯಿತು. ಹೆಂಡತಿಯ ಕೇಸನ್ನು ತಾನೇ ನಡೆಸುವುದು ಸರಿಯಲ್ಲ ಎಂದು ಸರ್ ವಕಾಲತ್ತು ನನಗೆ ಕೊಟ್ಟರು. ನಾನು ಹೊನ್ನಾಳಿಯಿಂದ ಬಸ್ಸು ಬದಲಾಯಿಸುತ್ತ ಹೋಗುತ್ತಿದ್ದೆ. ಕೇಸು ದುರ್ಬಲ ಎಂದು ನನಗೆ ಗೊತ್ತಿತ್ತು. ನೆಲವನ್ನು ದಾನ ಕೊಟ್ಟರೆ ರಿಜಿಸ್ಟ್ರಿ ಆಗಲೇಬೇಕು, ಅದಕ್ಕೆ ರಿಯಾಯಿತಿಯೇ ಇಲ್ಲ. ಅವತ್ತು ನಿಂತಿದ್ದ ಐದು ಜನ ಹಿರಿಯರಲ್ಲಿ ಒಬ್ಬರೂ ಉಳಿದಿರಲಿಲ್ಲ.

ಒಂದು ಬೆಳಿಗ್ಗೆ ನಾನು ಬಸ್ಸಿಳಿಯುವಷ್ಟರಲ್ಲಿ ಸರ್ ಎದುರಿಗೇ ನಿಂತಿದ್ದರು. ಕಣ್ಣು ಕೆಂಪಗಿದ್ದವು.

"ಎರಡಾಣೆ ಕಣಮ್ಮ! ಎರಡಾಣೆ ಕೊಟ್ಟಾಳೆ. ಹಂಗಾದ್ರೆ ಅದು ದಾನ ಅಲ್ಲ, ಕ್ರಯ. ನೂರು ರೂಪಾಯಿ ಒಳಗಿನ ನೆಲದ ಕ್ರಯಕ್ಕೆ ರಿಜಿಸ್ಟ್ರಿ ಬ್ಯಾಡ. ಜಾಗ ತುಳಿಸಿ ಕೈಗೆ ಕೊಟ್ರೆ ಮುಗೀತು, ನಮ್ಮ ಕಾಯ್ದೆನೇ ಹೇಳ್ತೈತೆ. ಅಪ್ಪಂದಲ್ಲದ ಜಾಗಕ್ಕೆ ಆ ಹಕ್ಕು ಬಿಟ್ಟ ಪತ್ರಾನೂ ಹತ್ತಂಗಿಲ್ಲ."

ಆಸ್ತಿ ಹಸ್ತಾಂತರದ ಕಾಯ್ದೆಯಲ್ಲಿ ಹಾಗಿರುವುದು ನಿಜ. ನಾನು ಅದನ್ನು ಓದಿದ್ದೆ, ಈ ಎರಡಾಣೆಗೆ ಜೋಡಿಸಿ ನೋಡಿರಲಿಲ್ಲ. ಸರ್ ಆ ಬಸ್ ಸ್ಟ್ಯಾಂಡಿನ ಉದ್ದಗಲ ನಡೆಯುತ್ತ ನನಗೆ ಮತ್ತೆ ಕ್ಲಾಸು ತೆಗೆದುಕೊಂಡರು. ರೋಮಿನವರು ಮಗಳಿಗೋ ಗೆಳೆಯನಿಗೋ ಸುಮ್ಮನೆ ಕೊಡಬೇಕಾದಾಗಲೂ ಒಂದೇ ಒಂದು ಬಿಲ್ಲೆ ಈಸಿಕೊಂಡು ಮಾರಾಟದ ರೂಪದಲ್ಲೇ ಕೊಡುತ್ತಿದ್ದರಂತೆ. ಒಳಗೆ ದಾನ, ಮೇಲೆ ಕ್ರಯ. "ನಮ್ಮ ಮಾವ ಅಕ್ಷರ ಬಾರದೋನು, ಅದನ್ನೇ ಮಾಡ್ಯಾನೆ ನೋಡು" ಎಂದು ಚಿಕ್ಕ ಮಕ್ಕಳಂತೆ ಹಿಗ್ಗಿದರು. ಅವರು ಅಷ್ಟು ಆಸೆಪಟ್ಟದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕಟ್ಟುವ ಮನೆಗೆ ಬಾಗಿಲು ಯಾವ ದಿಕ್ಕಿಗೆ ಅನ್ನುವುದೂ ಅವತ್ತೇ ತೀರ್ಮಾನವಾಯಿತು. ನಡುಮನೆ ಉದ್ದಕ್ಕಿರಬೇಕಂತೆ, ಅಡ್ಡಾಡುವುದಕ್ಕೆ.

ಆದರೆ ಇದನ್ನು ಹೇಳಬೇಕಾದವರು ಅಕ್ಕ. ಸರ್ ಅವತ್ತು ಅಲ್ಲಿದ್ದರೂ ಗಂಡನ ಸಾಕ್ಷಿಗೆ ತೂಕವಿಲ್ಲ, ಉಳಿದದ್ದು ಅವರೊಬ್ಬರೇ. ಮನೆಗೆ ಹೋಗಿ ಅವರೆದುರು ಕೂತೆ.

"ಅಕ್ಕ, ಕೋರ್ಟಿನಾಗೆ ಒಂದು ಮಾತು ಹೇಳಿದ್ರೆ ಸಾಕು. ಎರಡಾಣೆ ಕೊಟ್ಟು ಅಪ್ಪನ ಹತ್ರ ಜಾಗ ಕೊಂಡೆ ಅಂತ."

ಅಕ್ಕ ಆರಿಸುತ್ತಿದ್ದ ಅಕ್ಕಿಯಿಂದ ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟರು. "ಎರಡಾಣೆ ಕೊಟ್ಟಿದ್ದು ಖರೇ" ಎಂದರು. ಮತ್ತೆ ಅಕ್ಕಿಯ ಕಡೆ ಬಗ್ಗಿದರು. ಸರ್ ಮತ್ತು ನಾನು ಅದನ್ನು ಒಪ್ಪಿಗೆ ಎಂದುಕೊಂಡೆವು.

ವಿಚಾರಣೆಯ ದಿನ ಅಕ್ಕ ಹಳದಿ ಬಟ್ಟೆಯ ಗಂಟಿನ ಜೊತೆಗೇ ಕಟಕಟೆ ಹತ್ತಿದರು. ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟಾಗ ಎದುರು ಪಕ್ಷದ ವಕೀಲರು, ಇದು ಎಲ್ಲಿಯ ಮಣ್ಣೆಂದು ಮಣ್ಣೇ ಬಂದು ಹೇಳುತ್ತದೆಯೋ ಎಂದು ಕೇಳಿದರು. ಕೋರ್ಟು ನಕ್ಕಿತು. ಇದನ್ನು ದಾಖಲೆ ಮಾಡಲು ಬರುವುದಿಲ್ಲ ತಾಯಿ ಎಂದು ಮುನ್ಸೀಫರು ಮೆತ್ತಗೆ ಹೇಳಿ ವಾಪಸ್ಸು ಕೊಡಿಸಿದರು. ನನ್ನ ಪ್ರಶ್ನೆಗಳಿಗೆ ಅಕ್ಕ ನೆಟ್ಟಗೆ ಉತ್ತರ ಕೊಟ್ಟರು. ಜಾಗ ತುಳಿದದ್ದು, ಹೆಂಟೆ ಬಿದ್ದದ್ದು, ಎರಡಾಣೆ ಕೊಟ್ಟದ್ದು. ಯಾಕೆ ಕೊಟ್ಟಿರಿ ಎಂದದ್ದಕ್ಕೆ ಮಾತ್ರ, "ಅಪ್ಪ ಕೊಡು ಅಂದ, ಕೊಟ್ಟೆ" ಎಂದರು. ಹೊರಗೆ ಪಡಸಾಲೆಯಲ್ಲಿ ಸರ್ ಚಪ್ಪಲಿ ಸದ್ದು ಹೋಗುತ್ತ ಬರುತ್ತ ಇತ್ತು.

ಪಾಟೀ ಸವಾಲಿಗೆ ಎದ್ದ ಎದುರು ವಕೀಲರಿಗೆ ಗೇಲಿ ಮಾಡುವ ಚಪಲ. ಅದೇ ನಮಗೆ ವರವಾಗಬಹುದಿತ್ತು.

"ಹಾಗಾದರೆ ತಾಯಿ, ನಿಮ್ಮ ತಂದೆ ತಮ್ಮ ಸ್ವಂತ ಮಗಳಿಗೆ, ಎರಡೇ ಎರಡು ಆಣೆಗೆ, ಆ ಜಾಗವನ್ನು ಮಾರಿದರು. ಅಲ್ಲವೇ?"

ಬಾಗಿಲು ತಾನಾಗಿ ತೆರೆದಿತ್ತು. ಹೌದು ಅಂದರೆ ಸಾಕು. ಮುನ್ಸೀಫರು ಕೂಡ ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದರು. ಪಡಸಾಲೆಯ ಚಪ್ಪಲಿ ಸದ್ದು ನಿಂತಿತು. ನಾನು ಕಣ್ಣಿನಲ್ಲೇ ಅಕ್ಕನನ್ನು ಬೇಡಿಕೊಂಡೆ.

ಅಕ್ಕ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಎದುರು ಬೆಂಚಿನ ಮೇಲೆ ಕೂತಿದ್ದ ತಮ್ಮನನ್ನು ನೋಡಿದರು.

"ಇಲ್ಲ. ನಮ್ಮಪ್ಪ ಮಗಳಿಗೆ ಮಾರೋ ಪೈಕಿ ಅಲ್ಲ. ಅದು ನಂದು. ಅಪ್ಪ ಕೊಟ್ಟಿದ್ದು."

ಎದುರು ವಕೀಲರು ಮತ್ತೇನೂ ಕೇಳದೆ ಕೂತರು. ಕೇಳುವ ಅಗತ್ಯವೂ ಇರಲಿಲ್ಲ. ಕೊಟ್ಟದ್ದು ಅಂದಮೇಲೆ ದಾನ, ದಾನ ಅಂದಮೇಲೆ ರಿಜಿಸ್ಟ್ರಿ ಎಲ್ಲಿ? ನಮ್ಮ ದಾವೆ ವಜಾ ಆಯಿತು. ತೀರ್ಪಿನಲ್ಲಿ ಮುನ್ಸೀಫರು, ವಾದಿ ಸತ್ಯವಂತ ಸಾಕ್ಷಿ ಎಂದು ಒಂದು ಸಾಲು ಬರೆದಿದ್ದರು. ಆ ಸತ್ಯವೇ ಅವರನ್ನು ಸೋಲಿಸಿದ್ದು ಎಂದೂ ಬರೆಯಬಹುದಿತ್ತು. ನನಗೆ ಅಕ್ಕನ ಮೇಲೆ ಬಹಳ ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಒಂದು ಶಬ್ದ! ಅಪ್ಪ ಸತ್ತು ಎಷ್ಟು ವರ್ಷವಾಗಿತ್ತು, ಮಾರಿದ ಅಂದಿದ್ದರೆ ಅವರಿಗೇನು ಬೇಸರವಾಗುತ್ತಿತ್ತೇ?

ತೀರ್ಪಿನ ದಿನ ಮೂವರೂ ಬಸ್ ಸ್ಟ್ಯಾಂಡಿಗೆ ಬಂದೆವು. ನನ್ನನ್ನು ಬಸ್ಸು ಹತ್ತಿಸುವುದಕ್ಕೆ ಅವರು ಬಂದಿದ್ದರು. ಸರ್ ಎಂದಿನಂತೆ ಅತ್ತಿಂದಿತ್ತ ಹೋಗುತ್ತಿದ್ದರು, ಆದರೆ ಹೆಜ್ಜೆ ಎಳೆಯುತ್ತಿದ್ದವು. ಒಂದು ಮಾತೂ ಅಂದಿರಲಿಲ್ಲ ಹೆಂಡತಿಗೆ. ಕೊನೆಗೆ ಅವರೇ ಒಂದು ದಾರಿ ಹುಡುಕಿದವರಂತೆ ಬಂದು ನಿಂತರು.

"ನಿನ್ನ ತಮ್ಮನ ಹತ್ರ ಮಾತಾಡ್ತೀನಿ. ಇವತ್ತಿನ ರೇಟಿಗೇ ಕೊಡ್ಲಿ. ನಿನ್ನ ಹೆಸರಿಗೆ ಕ್ರಯಪತ್ರ ಮಾಡ್ಸಿ, ರಿಜಿಸ್ಟ್ರಿ ಮಾಡ್ಸಿ ಕೊಡ್ತೀನಿ. ಆತಾ?"

ಅಕ್ಕ ಅವರನ್ನೇ ನೋಡಿದರು. ದನಿಯಲ್ಲಿ ಕೋಪವಿರಲಿಲ್ಲ.

"ನಂದನ್ನ ನಾನೇ ಹೆಂಗ್ರಿ ಕೊಳ್ಳಾದು? ಜಗಲಿ ಮ್ಯಾಲೆ ನೀವೇ ಹುಡುಗರಿಗೆ ಹೇಳ್ತಿರ್ಲಿಲ್ವಾ, ತನ್ನದನ್ನ ತಾನು ಕೊಂಡ್ರೆ ಅದು ಕ್ರಯಾನೇ ಅಲ್ಲ ಅಂತ."

ಪ್ರತಿ ವರ್ಷ ಪರೀಕ್ಷೆಗೆ ಕೇಳುತ್ತಿದ್ದ ಪ್ರಶ್ನೆ ಅದು. ತನ್ನ ಸ್ವತ್ತನ್ನೇ ತಾನು ಕೊಂಡ ವ್ಯಾಪಾರಕ್ಕೆ ರೋಮಿನ ಕಾನೂನಿನಲ್ಲಿ ಬೆಲೆಯಿಲ್ಲ. ಹಾಗೆ ಕೊಂಡರೆ, ಇಷ್ಟು ವರ್ಷ ಅದು ನನ್ನದಾಗಿರಲಿಲ್ಲ ಎಂದು ಅಕ್ಕ ತಾವೇ ಒಪ್ಪಿದಂತೆ. ಸರ್ ಹಿಂದಕ್ಕೆ ಕೈಚಾಚಿ ಸಿಮೆಂಟ್ ಕಟ್ಟೆಯನ್ನು ತಡವಿ ನೋಡಿದರು, ಕೂತರು. ಕಾಲು ಅಲ್ಲಾಡಲಿಲ್ಲ, ಕೈಯಲ್ಲಿ ಏನನ್ನೂ ಹೊಸಕಲಿಲ್ಲ. ಅಕ್ಕ ಅವರ ಪಕ್ಕದಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ನನ್ನ ಬಸ್ಸು ಬಂತು, ಹೋಯಿತು. ಹತ್ತಲು ನನಗೆ ಮನಸ್ಸಾಗಲಿಲ್ಲ. ಅಷ್ಟು ಹೊತ್ತಿಗೆ ನನ್ನ ಸಿಟ್ಟೂ ಇಳಿದಿತ್ತು.

ಅಪೀಲು ಹಾಕೋಣ ಎಂದೆ. ಬೇಡ ಎಂದರು ಸರ್. ಗೆದ್ದವನು ಸೋತ, ಸೋತವನು ಸತ್ತ ಎನ್ನುವ ಗಾದೆಯನ್ನು ನನಗೇ ಹೇಳಿ, ಹೊನ್ನಾಳಿಗೆ ಗಾಡಿ ಮಾಡಿಕೊಂಡು ಬಂದರು. ಮತ್ತೊಂದು ಬಾಡಿಗೆ ಮನೆ. ಮತ್ತೆ ಎಲ್ಲಕ್ಕಿಂತ ಮೊದಲು ಇಳಿದದ್ದು ಹಳದಿ ಗಂಟು. ಸರ್ ಮತ್ತೆ ಅಡ್ಡಾಡತೊಡಗಿದರು. ಆದರೆ ಒಂದು ಬದಲಾವಣೆ ನನ್ನ ಕಣ್ಣಿಗೆ ಬಿತ್ತು. ನಡೆಯುತ್ತ ನಡೆಯುತ್ತ ದೇವರ ಗೂಡಿನ ಮುಂದೆ ಬಂದಾಗ ಒಂದು ಕ್ಷಣ ನಿಲ್ಲುತ್ತಿದ್ದರು. ಕೈ ಮುಗಿಯುತ್ತಿರಲಿಲ್ಲ, ಸುಮ್ಮನೆ ನಿಂತು ಮುಂದೆ ಹೋಗುತ್ತಿದ್ದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ಹೋದರು. ಕೋರ್ಟಿನಿಂದ ಮನೆಗೆ ಬರುತ್ತ ದಾರಿಯಲ್ಲೇ. ನಡೆಯುವಾಗಲೇ ಹೋದರಲ್ಲ ಎಂದು ಬಾರ್ ಅಸೋಸಿಯೇಷನ್ನಿನವರು ಅಂದುಕೊಂಡರು. ನನಗೆ ಅಪ್ಪ ಹೋದಾಗಲೂ ಬಾರದಷ್ಟು ಅಳು ಬಂತು.

ನಮ್ಮ ಜನರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತೇವೆ. ಹೊನ್ನಾಳಿಯ ಆ ಎರೆಮಣ್ಣಿನ ಗುಂಡಿಯಲ್ಲಿ ಸರ್ ಪದ್ಮಾಸನ ಹಾಕಿ ಕೂತಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು, ಕೈ ಎರಡೂ ಮಡಿಲಲ್ಲಿ. ಜಗಳೂರಿನಿಂದ ಅಕ್ಕನ ತಮ್ಮ ಬಂದಿದ್ದ. ಮಕ್ಕಳಿಲ್ಲದ ಮನೆ, ಅವನೇ ಗುಂಡಿಗೆ ಇಳಿದು ಭಾವನನ್ನು ನೆಟ್ಟಗೆ ಕೂರಿಸಿದ್ದ. ಇನ್ನೇನು ಎಲ್ಲರೂ ಮಣ್ಣು ಹಾಕಬೇಕು. ಅಕ್ಕ ಅಂಚಿಗೆ ಬಂದು ಮೊಣಕಾಲೂರಿ ಹಳದಿ ಬಟ್ಟೆ ಬಿಚ್ಚಿದರು.

"ತಮ್ಮಾ, ಇದನ್ನ ಅವರ ಉಡಿಯಾಗೆ ಇಡು."

ಅವನು ಮೇಲೆ ನೋಡಿದ. ಆ ಕೆಂಪು ಹೆಂಟೆ ಯಾವುದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಹಳ ಹೊತ್ತು ಕೈ ಚಾಚಲಿಲ್ಲ. ಹಿರಿಯರೊಬ್ಬರು, ಹೊತ್ತಾಗ್ತದೆ ಎಂದರು. ಆಗ ಎರಡೂ ಕೈಯೊಡ್ಡಿ ತೆಗೆದುಕೊಂಡ. ಬಗ್ಗಿ, ಭಾವನ ಕೈಗಳ ನಡುವೆ ಮಡಿಲಲ್ಲಿ ಇಟ್ಟ.

ಅಕ್ಕ ಗಂಡನ ಕಡೆಗೆ ಬಾಗಿ, ಮನೆಯಲ್ಲಿ ಮಾತಾಡುವಷ್ಟೇ ಸಣ್ಣ ದನಿಯಲ್ಲಿ ಹೇಳಿದರು.

"ಎರಡಾಣೆ ಏನೂ ಬ್ಯಾಡ್ರಿ. ಇದು ಕೊಟ್ಟಿದ್ದು."

ಸುತ್ತ ನಿಂತವರು ಐದಕ್ಕಿಂತ ಹೆಚ್ಚೇ ಇದ್ದೆವು.